ಸುಂಕದ ಕಟ್ಟೆ

‘ಸುಂಕದವರ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂಬ ಗಾದೆ ನಮ್ಮ ನಾಡಿನಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಬಿಸಿಲಿನಲ್ಲಿ ಹೇರು ಹೊತ್ತು ಬಂದವನ ಕಷ್ಟವನ್ನು ಸುಂಕದವನು ಕೇಳುವುದಿಲ್ಲ. ಕೇಳಿದರೂ ಕಾಸು ಬಿಡುವುದಿಲ್ಲ ಎಂಬುದು ಅದರ ಅಭಿಪ್ರಾಯ. ಒಂದು ವೃತ್ತಿಯ ವಿಷಯದಲ್ಲಿ ಜನರ ಮನಸ್ಸಿನಲ್ಲಿ ಇಂಥ ಮಾತು ಬೇರೂರಬೇಕಾದರೆ ಅದಕ್ಕೆ ಕಾರಣವಿರಲೇಬೇಕು. ಇಂದಿನ ಸುಂಕದ ಅಧಿಕಾರಿಗೆ ಹಿಂದಿನವನಿಗಿಂತ ಹೆಚ್ಚಿನ ಅಧಿಕಾರಗಳಿವೆ. ಹಾಗಾದರೆ ಆ ಗಾದೆ ಇಂದಿಗೂ ನಿಜವೇ? ಇದನ್ನು ತಿಳಿಯಲು ಸುಂಕದ ಕಟ್ಟೆಯ ಹಿಂದು ಮುಂದುಗಳನ್ನು ಸ್ವಲ್ಪ ವಿಚಾರಿಸಬೇಕು.

ರಾಯಚೂರು ಜಿಲ್ಲೆಯ ಮಸ್ಕಿ ತಾಲ್ಲೂಕಿನಲ್ಲಿ ಸಂತೆಕಲ್ಲೂರು ಎಂಬ ಊರಿದೆ. ಅದರ ಹೆಸರಿನಲ್ಲಿಯೇ ಸಂತೆ ಸೇರಿಕೊಂಡಿದೆ. ಸಂತೆಯಿದ್ದಲ್ಲಿ ಸರಕು, ಸರಕು ಸಾಗುವಲ್ಲಿ ಸುಂಕ. ಇವೆರಡರ ನಂಟು ನಮ್ಮ ದೇಶದಲ್ಲಿ ಬಹಳ ಹಳೆಯದು. ಇದೇ ತಾಲ್ಲೂಕಿನ ಮಸ್ಕಿಯಲ್ಲಿ 1915ರಲ್ಲಿ ದೊರೆತ ಶಿಲಾಶಾಸನವು ಅಶೋಕನ ಹೆಸರನ್ನು ಸ್ಪಷ್ಟವಾಗಿ ತಿಳಿಸಿ, ಈ ನೆಲವು ಮೌರ್ಯರ ಆಳ್ವಿಕೆಗೆ ಒಳಪಟ್ಟಿತ್ತೆಂಬುದನ್ನು ಸಾರಿತು. ಆ ಮೌರ್ಯವಂಶದ ಮಂತ್ರಿ ಕೌಟಿಲ್ಯನದೆಂದು ಪ್ರಸಿದ್ಧವಾದ ‘ಅರ್ಥಶಾಸ್ತ್ರ’ದಲ್ಲಿ ಶುಲ್ಕಾಧ್ಯಕ್ಷನೆಂಬ ಅಧಿಕಾರಿಯ ಕರ್ತವ್ಯಗಳನ್ನು ಹೇಳಿದೆ. ನಗರದ ಹೆಬ್ಬಾಗಿಲಿನ ಬಳಿ ಧ್ವಜ ನೆಟ್ಟ ಸುಂಕದ ಮನೆಯಿರಬೇಕು. ಬರುವ ವರ್ತಕರು ಯಾರು, ಎಲ್ಲಿಯವರು, ಎಷ್ಟು ಸರಕು ತಂದಿದ್ದಾರೆ, ಅದಕ್ಕೆ ಮುದ್ರೆ ಬಿದ್ದುದು ಎಲ್ಲಿ ಎಂಬುದನ್ನು ನಾಲ್ಕೈದು ಮಂದಿ ಬರೆದುಕೊಳ್ಳಬೇಕು. ಮುದ್ರೆಯಿಲ್ಲದ ಸರಕಿಗೆ ಇಮ್ಮಡಿ ಸುಂಕ, ಕಳ್ಳಮುದ್ರೆಗೆ ಎಂಟುಪಟ್ಟು ದಂಡ. ನಾಡಿಗೆ ಕೇಡು ತರುವ ಸರಕನ್ನು ತಡೆಯಬೇಕು. ಬಹಳ ಉಪಕಾರಿಯಾದ ಸರಕನ್ನೂ ದುರ್ಲಭವಾದ ಬೀಜವನ್ನೂ ಸುಂಕವಿಲ್ಲದೆ ಒಳಗೆ ಬಿಡಬೇಕು ಎಂಬ ವಿವೇಕದ ಮಾತೂ ಅಲ್ಲಿದೆ. ಸುಂಕವೆಂಬುದು ಬೊಕ್ಕಸ ತುಂಬುವ ಉಪಾಯ ಮಾತ್ರವಲ್ಲ, ನಾಡನ್ನು ಕಾಯುವ ಬೇಲಿಯೂ ಹೌದು ಎಂಬುದನ್ನು ನಮ್ಮ ಹಿರಿಯರು ಅರಿತಿದ್ದರು.

ಚಾಲುಕ್ಯರ ಕಾಲದ ಕನ್ನಡ ಶಾಸನಗಳಲ್ಲಿ ಹೆಜ್ಜುಂಕ, ವಡ್ಡರಾವುಳ ಮೊದಲಾದ ಸುಂಕಗಳ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಸುಂಕದ ಅಧಿಕಾರಿಗಳು ತಮ್ಮ ಆದಾಯದ ಒಂದು ಭಾಗವನ್ನು ದೇವಾಲಯಕ್ಕೆ ಬಿಟ್ಟುಕೊಟ್ಟುದನ್ನು ಅವು ದಾಖಲಿಸಿವೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಸುಂಕದ ಬಂಕಣ್ಣನೆಂಬ ವಚನಕಾರನೂ ಇದ್ದನು. ಸುಂಕದ ವೃತ್ತಿಯು ಅವನ ಹೆಸರಿನೊಂದಿಗೇ ನಿಂತಿದೆ. ಜನರು ದೂರುತ್ತಿದ್ದ ಕಾಯಕವನ್ನೂ ಶುದ್ಧವಾಗಿ ನಡೆಸಬಹುದೆಂಬುದಕ್ಕೆ ಆ ಹೆಸರೇ ಸಾಕ್ಷಿ.

ಮುಂದೆ ಈ ಪ್ರದೇಶವು ಹೈದರಾಬಾದಿನ ನಿಜಾಮರ ಆಳ್ವಿಕೆಗೆ ಸೇರಿತು. ಆ ಸಂಸ್ಥಾನದ ಸುಂಕದ ಇಲಾಖೆಗೆ ‘ಕರೋಡಗಿರಿ’ ಎಂದು ಹೆಸರು. ತುಂಗಭದ್ರೆಯ ಆಚೆ ದಡದ ಬಳ್ಳಾರಿ ಸೀಮೆಯು ಬ್ರಿಟಿಷರ ಮದರಾಸು ಪ್ರಾಂತಕ್ಕೆ ಸೇರಿದ್ದುದರಿಂದ, ಒಂದೇ ನುಡಿಯಾಡುವ ಎರಡು ದಡಗಳ ನಡುವೆ ಹರಿಯುವ ಹೊಳೆಯೇ ಸುಂಕದ ಗಡಿಯಾಗಿತ್ತು. ಹೊಳೆ ದಾಟಿದ ಸರಕು ಪರರಾಜ್ಯದ ಸರಕೆನಿಸುತ್ತಿತ್ತು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತದ ಒಕ್ಕೂಟದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆಯು ವಿಶಾಲ ಮೈಸೂರು ರಾಜ್ಯಕ್ಕೆ ಸೇರಿತು. ಭಾರತದ ನೆಲದ ಉದ್ದಗಲಕ್ಕೂ ವ್ಯಾಪಾರವು ಸ್ವತಂತ್ರವಾಗಿರಬೇಕೆಂದು ಸಂವಿಧಾನದ 301ನೆಯ ವಿಧಿಯು ಸಾರುತ್ತದೆ. ಹೀಗೆ ಹೊಳೆಯ ದಂಡೆಯ ಸುಂಕದ ಗಡಿಯು ಅಳಿದು, ಆ ಗಡಿಯು ದೇಶದ ಅಂಚಿಗೆ ಸರಿಯಿತು.

ದೇಶದ ಅಂಚು ಎಂದೊಡನೆ ಮುಳ್ಳುತಂತಿಯ ಬೇಲಿಯು ಕಣ್ಣಿಗೆ ಕಟ್ಟುತ್ತದೆ. ಪಂಜಾಬಿನ ಅಟಾರಿ, ಬಂಗಾಳದ ಪೆಟ್ರಾಪೋಲ್, ಬಿಹಾರದ ರಕ್ಸೌಲ್ ಅಂಥ ನೆಲದ ಗಡಿಯ ಠಾಣೆಗಳು. ಆದರೆ ಪರದೇಶದ ಸರಕು ಬಂದಿಳಿಯುವ ಪ್ರತಿಯೊಂದು ಸ್ಥಳವೂ ಕಾನೂನಿನ ದೃಷ್ಟಿಯಲ್ಲಿ ಗಡಿಯೇ. ನಮ್ಮ ರಾಜ್ಯಕ್ಕೆ ಪರದೇಶದೊಡನೆ ನೆಲದ ಗಡಿಯಿಲ್ಲ. ಆದರೂ ಪಣಂಬೂರಿನ ನವಮಂಗಳೂರು ಬಂದರಿನಲ್ಲಿಯೂ, ಬೆಂಗಳೂರು ಮತ್ತು ಮಂಗಳೂರಿನ ವಿಮಾನ ನಿಲ್ದಾಣಗಳಲ್ಲಿಯೂ, ಸಮುದ್ರದಿಂದ ನೂರಾರು ಮೈಲಿ ಒಳಗಿರುವ ಬೆಂಗಳೂರಿನ ವೈಟ್‌ಫೀಲ್ಡ್ ಕಂಟೇನರ್ ಡಿಪೋದಲ್ಲಿಯೂ ಸುಂಕದ ಅಧಿಕಾರಿಗಳು ಕೆಲಸ ಮಾಡುತ್ತಾರೆ. ಅವರೆಲ್ಲರೂ 1962ರ ಸುಂಕ ಅಧಿನಿಯಮಕ್ಕೆ ಒಳಪಟ್ಟವರು.

ಅವರ ಕೆಲಸಗಳಲ್ಲಿ ಮೊದಲನೆಯದು ಸುಂಕದ ನಿರ್ಣಯ. ಸರಕು ಯಾವ ವರ್ಗಕ್ಕೆ ಸೇರಿದುದು, ಅದರ ನಿಜವಾದ ಬೆಲೆ ಎಷ್ಟು, ಸಲ್ಲಬೇಕಾದ ಸುಂಕವೆಷ್ಟು ಎಂಬುದನ್ನು ಆಮದುಗಾರನು ಸಲ್ಲಿಸಿದ ಪತ್ರಗಳೊಂದಿಗೆ ತಾಳೆನೋಡಬೇಕು. ಈ ಲೆಕ್ಕವು ದೂರದ ಬಂದರಿನಲ್ಲಿ ನಡೆದರೂ ಅದರ ಫಲವು ನಮ್ಮ ಹೊಲದವರೆಗೂ ಬರುತ್ತದೆ. ರಾಯಚೂರು ಜಿಲ್ಲೆಯ ಎರೆಭೂಮಿಯಲ್ಲಿ ಹತ್ತಿ ಬೆಳೆಯುತ್ತದೆ. ಕೇಂದ್ರ ಸರ್ಕಾರವು 2021ರಲ್ಲಿ ಪರದೇಶದ ಹತ್ತಿಯ ಮೇಲೆ ಆಮದು ಸುಂಕ ವಿಧಿಸಿತು; 2025ರ ಆಗಸ್ಟಿನಲ್ಲಿ ಅದನ್ನು ಕೆಲವು ಕಾಲದ ಮಟ್ಟಿಗೆ ತೆಗೆಯಿತು. ಸುಂಕವಿದ್ದರೆ ರೈತನಿಗೆ ಆಸರೆ, ಇಲ್ಲದಿದ್ದರೆ ಗಿರಣಿಗೆ ಅಗ್ಗದ ಹತ್ತಿ. ಸಿಂಧನೂರಿನ ಸುತ್ತ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರಿನಲ್ಲಿ ಬತ್ತ ಬೆಳೆಯುತ್ತದೆ. 2023ರ ಜುಲೈಯಲ್ಲಿ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ಸರ್ಕಾರವು ನಿಷೇಧಿಸಿ, 2024ರ ಸೆಪ್ಟೆಂಬರಿನಲ್ಲಿ ಆ ನಿಷೇಧವನ್ನು ಹಿಂತೆಗೆಯಿತು. ಇಂಥ ಆಜ್ಞೆಗಳನ್ನು ಹೊರಡಿಸುವುದು ಸರ್ಕಾರ. ಅವುಗಳನ್ನು ಬಂದರಿನ ಬಾಗಿಲಲ್ಲಿ ನಿಂತು ನಡೆಸಿಕೊಡುವವನು ಸುಂಕದ ಅಧಿಕಾರಿ.

ಎರಡನೆಯದು ಕಾವಲು. ಕಳ್ಳಸಾಗಣೆಯ ಚಿನ್ನ, ಮಾದಕ ವಸ್ತು, ಖೋಟಾ ನೋಟು ಒಳಬರದಂತೆ ತಡೆಯಬೇಕು. ಹೊರಹೋಗುವುದನ್ನೂ ನೋಡಬೇಕು. ರಕ್ತಚಂದನ, ನಕ್ಷತ್ರ ಆಮೆಯಂಥ ವನ್ಯಸಂಪತ್ತು ಕಳ್ಳದಾರಿಯಲ್ಲಿ ಹೊರಸಾಗದಂತೆ ನೋಡಿಕೊಳ್ಳುವುದೂ ಅವನ ಹೊಣೆ. ನೂರು ವರ್ಷಕ್ಕಿಂತ ಹಳೆಯ ವಿಗ್ರಹ ಮೊದಲಾದ ಪುರಾತನ ವಸ್ತುಗಳನ್ನು ಖಾಸಗಿಯವರು ಪರದೇಶಕ್ಕೆ ಸಾಗಿಸಬಾರದೆಂದು 1972ರ ಕಾಯಿದೆ ಹೇಳುತ್ತದೆ. ಊರ ಗುಡಿಯಿಂದ ಕಳುವಾದ ಮೂರ್ತಿಯನ್ನು ತಡೆದು ನಿಲ್ಲಿಸುವ ಕೊನೆಯ ಬಾಗಿಲು ಸುಂಕದ ಕಟ್ಟೆಯೇ.

ಇಂಥ ಹೊಣೆಗೆ ತಕ್ಕ ಅಧಿಕಾರವೂ ಬೇಕು. ಅಧಿಕಾರಿಯು ಪ್ರಯಾಣಿಕನನ್ನು ಶೋಧಿಸಬಹುದು, ವಾಹನವನ್ನು ತಡೆದು ನೋಡಬಹುದು, ಗೋದಾಮನ್ನು ಪರೀಕ್ಷಿಸಬಹುದು, ಸರಕನ್ನು ವಶಪಡಿಸಿಕೊಳ್ಳಬಹುದು, ಸಾಕ್ಷಿಗಳನ್ನು ಕರೆಸಿ ಹೇಳಿಕೆ ಪಡೆಯಬಹುದು, ತಪ್ಪಿತಸ್ಥನೆಂದು ನಂಬಲು ಕಾರಣವಿರುವವನನ್ನು ದಸ್ತಗಿರಿ ಮಾಡಬಹುದು. ಸಾಮಾನ್ಯವಾಗಿ ಅಪರಾಧವನ್ನು ರುಜುವಾತುಪಡಿಸುವ ಹೊಣೆ ಆರೋಪಿಸಿದವನದು. ಆದರೆ ಕಳ್ಳಸಾಗಣೆಯದೆಂಬ ಸಕಾರಣವಾದ ನಂಬಿಕೆಯಿಂದ ವಶಪಡಿಸಿಕೊಂಡ ಚಿನ್ನದ ವಿಷಯದಲ್ಲಿ, ಅದು ಅಂಥದಲ್ಲವೆಂದು ತೋರಿಸುವ ಹೊಣೆ ಅದನ್ನು ಇಟ್ಟುಕೊಂಡಿದ್ದವನ ಮೇಲೆಯೇ ಬೀಳುತ್ತದೆ. ಇದು ಸಣ್ಣ ಅಧಿಕಾರವಲ್ಲ.

ಆದರೆ ಅಧಿಕಾರವನ್ನು ಕೊಟ್ಟ ಕಾನೂನೇ ಅದಕ್ಕೆ ಕಡಿವಾಣವನ್ನೂ ಹಾಕಿದೆ. ‘ನಂಬಲು ಕಾರಣ’ವಿಲ್ಲದೆ ಸರಕನ್ನು ವಶಪಡಿಸಿಕೊಳ್ಳುವಂತಿಲ್ಲ. ಶೋಧನೆಗೆ ಒಳಗಾಗುವವನು ತನ್ನನ್ನು ಗೆಜೆಟೆಡ್ ಅಧಿಕಾರಿಯ ಅಥವಾ ಮ್ಯಾಜಿಸ್ಟ್ರೇಟರ ಮುಂದೆ ಒಯ್ಯಬೇಕೆಂದು ಕೇಳಬಹುದು, ಕೇಳಿದರೆ ಒಯ್ಯಲೇಬೇಕು. ಶೋಧನೆಗೆ ಇಬ್ಬರು ಸಾಕ್ಷಿಗಳಾದರೂ ಇರಬೇಕು; ದೊರೆತ ವಸ್ತುಗಳ ಪಟ್ಟಿಗೆ ಅವರು ಸಹಿ ಹಾಕಬೇಕು. ಹೆಣ್ಣನ್ನು ಹೆಣ್ಣೇ ಶೋಧಿಸಬೇಕು. ದಸ್ತಗಿರಿಯಾದವನಿಗೆ ಕಾರಣವನ್ನು ತಿಳಿಸಿ, ಅನಾವಶ್ಯಕ ವಿಳಂಬವಿಲ್ಲದೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಸರಕನ್ನು ಮುಟ್ಟುಗೋಲು ಹಾಕಿಕೊಳ್ಳುವ ಮೊದಲು ಮಾಲೀಕನಿಗೆ ನೋಟೀಸು ಕೊಟ್ಟು ಅವನ ಮಾತನ್ನು ಆಲಿಸಬೇಕು. ವಶಪಡಿಸಿಕೊಂಡ ದಿನದಿಂದ ಆರು ತಿಂಗಳೊಳಗೆ ಆ ನೋಟೀಸು ಹೋಗದಿದ್ದರೆ, ಕಾರಣ ಬರೆದು ಅವಧಿಯನ್ನು ಮುಂದುವರಿಸದ ಹೊರತು, ಸರಕನ್ನು ಹಿಂದಿರುಗಿಸಬೇಕು. ತೀರ್ಪು ಒಪ್ಪಿಗೆಯಾಗದಿದ್ದರೆ ಮೇಲ್ಮನವಿಗೆ ದಾರಿಯಿದೆ. ಎಲ್ಲಕ್ಕಿಂತ ಮುಖ್ಯವಾದುದು ಅಧಿನಿಯಮದ 136ನೆಯ ಪ್ರಕರಣ. ಕಾರಣವಿಲ್ಲದೆ ಒಬ್ಬನನ್ನು ಶೋಧಿಸಿದ ಅಥವಾ ದಸ್ತಗಿರಿ ಮಾಡಿದ ಅಧಿಕಾರಿಯೇ ಅಪರಾಧಿಯಾಗಿ ಆರು ತಿಂಗಳವರೆಗೆ ಸೆರೆವಾಸಕ್ಕೆ ಗುರಿಯಾಗಬಹುದು.

ಹಳೆಯ ಸುಂಕದವನ ಮುಂದೆ ಹೇಳಿಕೊಂಡ ದುಃಖವು ಗಾಳಿಗೆ ಹೋಗುತ್ತಿತ್ತು. ಇಂದಿನವನ ಮುಂದೆ ಹೇಳಿದ ಮಾತು ಬರಹಕ್ಕೆ ಇಳಿಯುತ್ತದೆ. ಅದಕ್ಕೆ ಉತ್ತರ ಕೊಡಬೇಕಾದ ಕರ್ತವ್ಯ ಅವನದು. ಗಾದೆಯು ಸುಳ್ಳಾಗಬೇಕಾದರೆ ಮಾತ್ರ ಎರಡು ಕಡೆಯಿಂದಲೂ ಪ್ರಾಮಾಣಿಕತೆ ಬೇಕು. ಅಧಿಕಾರಿಯು ಕಾನೂನಿನ ಮೇರೆ ಮೀರಬಾರದು, ಲಂಚಕ್ಕೆ ಕೈ ಒಡ್ಡಬಾರದು. ಪ್ರಜೆಯು ತಾನು ತಂದುದನ್ನು ಮುಚ್ಚಿಡದೆ ಹೇಳಬೇಕು. ಕಳ್ಳದಾರಿಯಲ್ಲಿ ಬಂದ ಸರಕು ಅಗ್ಗವೆಂದು ಕೊಳ್ಳಬಾರದು. ತನ್ನ ಕರ್ತವ್ಯದೊಂದಿಗೆ ತನ್ನ ಹಕ್ಕನ್ನೂ ಅರಿತ ಪ್ರಜೆಯ ಮುಂದೆ ಯಾವ ಅಧಿಕಾರವೂ ದರ್ಪವಾಗಲಾರದು.