ಸೀಟಿಗೆ ಮುಂಚೆ, ಸೀಟಿಯ ನಂತರ

ಬ್ರಿಟನ್ನಿನಲ್ಲಿ ಫುಟ್‌ಬಾಲ್ ಮೇಲೆ ಬಾಜಿ ಕಟ್ಟುವುದು ಕಾನೂನು ಒಪ್ಪಿದ ವ್ಯವಹಾರ. ರೆಫ್ರಿಯ ಸೀಟಿಗೆ ಮುಂಚೆಯೂ ಕಟ್ಟಬಹುದು, ಚೆಂಡು ಓಡುತ್ತಿರುವಾಗಲೂ ಕಟ್ಟಬಹುದು.

ಮುಂಚೆ ಕಟ್ಟುವವನಿಗೆ ಯೋಚನೆಗೆ ಸಮಯವಿದೆ. ತಂಡಗಳ ಲಯ, ತವರಿನ ಅನುಕೂಲ, ಗಾಯಾಳುಗಳ ಪಟ್ಟಿ ನೋಡಿ ಬೆಟ್ಟಿಂಗ್ ಕಂಪನಿ ಗೆಲುವು, ಡ್ರಾ, ಸೋಲಿಗೆ ದರ ಇಡುತ್ತದೆ. ಆಡುವ ಹನ್ನೊಂದು ಮಂದಿಯ ಹೆಸರು ಹೊರಬಿದ್ದಾಗ ಈ ದರ ಕೊಂಚ ಅಲುಗಬಹುದು. ಆದರೆ ಕಟ್ಟಿದವನಿಗೆ ಆ ಹೊತ್ತಿನ ದರವೇ ಕಾಯಂ. ತವರು ತಂಡಕ್ಕೆ 2.00, ಡ್ರಾಕ್ಕೆ 3.50, ಎದುರಾಳಿಗೆ 4.00 ಎಂದಿದ್ದರೆ, ಗೆದ್ದವನಿಗೆ ಪೌಂಡಿಗೆ ಅಷ್ಟು ಪೌಂಡ್, ಅಸಲೂ ಸೇರಿ. ನೂರನ್ನು ಈ ದರಗಳಿಂದ ಭಾಗಿಸಿದರೆ 50, 28.6, 25 ಬರುತ್ತದೆ, ಕೂಡಿದರೆ 103.6. ನೂರು ದಾಟಿದ ಆ ಚೂರಿನಲ್ಲಿ ಕಂಪನಿಯ ಲಾಭ ಕೂತಿದೆ.

ಆಟ ಶುರುವಾದ ಮೇಲೆ ದರಕ್ಕೆ ಗಡಿಯಾರವೇ ಯಜಮಾನ. ಸ್ಕೋರು ಸಮವಾಗಿ ಕಳೆದ ಪ್ರತಿ ನಿಮಿಷಕ್ಕೂ ಡ್ರಾದ ದರ ಇಳಿಯುತ್ತದೆ. ಕೆಂಪು ಕಾರ್ಡ್ ಬಿದ್ದರೆ ಲೆಕ್ಕವೇ ಬುಡಮೇಲು. ಕೈಲೆಕ್ಕಕ್ಕೆ ನಿಲುಕದ ಈ ಕೆಲಸ ಕಂಪ್ಯೂಟರಿನದು. ಗೋಲು ಬೀಳುವ ವೇಗ ಪಂದ್ಯ ಸಾಗಿದಂತೆ ಏರುತ್ತದೆ, ಆ ಕ್ಷಣದ ಸ್ಕೋರಿಗೆ ತಕ್ಕಂತೆಯೂ ಬದಲಾಗುತ್ತದೆ ಎಂದು ಡಿಕ್ಸನ್ ಮತ್ತು ರಾಬಿನ್ಸನ್ ಎಂಬ ಸಂಖ್ಯಾಶಾಸ್ತ್ರಜ್ಞರು 1998ರಲ್ಲೇ ತೋರಿಸಿದ್ದರು.

ಟೀವಿ ಚಿತ್ರ ಮೈದಾನಕ್ಕಿಂತ ಕೆಲವು ಸೆಕೆಂಡು ಹಿಂದಿರುತ್ತದೆ. ಗೋಲನ್ನು ಕಣ್ಣಾರೆ ಕಂಡವನು ಹಳೆಯ ದರಕ್ಕೆ ಕಟ್ಟಿಬಿಡಬಾರದೆಂದು ಕಂಪನಿಗಳು ಬಾಜಿಯನ್ನು ತುಸು ತಡೆದು ಸ್ವೀಕರಿಸುತ್ತವೆ. ಪೆನಾಲ್ಟಿ, ವಿಎಆರ್ (ವಿಡಿಯೋ ರೆಫ್ರಿ) ಪರಿಶೀಲನೆ ಬಂತೆಂದರೆ ಬಾಗಿಲನ್ನೇ ಮುಚ್ಚುತ್ತವೆ. ಮನೆಯಲ್ಲಿ ಟೀವಿ ನೋಡಿ ಚುರುಕಾದೆನೆಂದು ಬೀಗುವವನಿಗಿಂತ ದರ ಒಂದು ಹೆಜ್ಜೆ ಮುಂದೆಯೇ ಇರುತ್ತದೆ.

2005ರ ಮೇ 25ರಂದು ಇಸ್ತಾಂಬುಲ್‌ನಲ್ಲಿ ನಡೆದ ಚಾಂಪಿಯನ್ಸ್ ಲೀಗ್ ಫೈನಲ್ ಮುಂಚೆ ಕಟ್ಟುವುದಕ್ಕೂ ಆಟದ ನಡುವೆ ಕಟ್ಟುವುದಕ್ಕೂ ಇರುವ ಅಂತರಕ್ಕೆ ಒಳ್ಳೆಯ ಸಾಕ್ಷಿ. ವಿರಾಮದ ಹೊತ್ತಿಗೆ ಎಸಿ ಮಿಲಾನ್ 3–0 ಮುಂದಿತ್ತು. 54ರಿಂದ 60ನೇ ನಿಮಿಷದೊಳಗೆ ಲಿವರ್‌ಪೂಲ್ ಮೂರೂ ಗೋಲು ತೀರಿಸಿ, ಕೊನೆಗೆ ಪೆನಾಲ್ಟಿ ಶೂಟೌಟಿನಲ್ಲಿ ಕಪ್ ಎತ್ತಿತು. ಆದರೆ ಸಾಮಾನ್ಯ ಪಂದ್ಯಫಲದ ಬಾಜಿ ತೀರ್ಮಾನವಾಗುವುದು 90 ನಿಮಿಷ ಮತ್ತು ಅದಕ್ಕೆ ಸೇರಿಸಿದ ಚಿಲ್ಲರೆ ನಿಮಿಷಗಳ ಆಟದ ಮೇಲೆ ಮಾತ್ರ. ಹಾಗಾಗಿ ಅದರಲ್ಲಿ ಲಿವರ್‌ಪೂಲ್ ಗೆಲುವಿಗೆ ಕಟ್ಟಿದವರು ತಮ್ಮ ತಂಡ ಕುಣಿಯುತ್ತಿರುವಾಗಲೇ ಹಣ ಕಳೆದುಕೊಂಡರು. ಗೆದ್ದದ್ದು ಡ್ರಾಕ್ಕೆ ಕಟ್ಟಿದವರು. ಅವರಲ್ಲೂ ಆಟಕ್ಕೆ ಮುಂಚೆ ಕಟ್ಟಿದವನಿಗೂ ವಿರಾಮದಲ್ಲಿ ಎದೆಗಟ್ಟಿ ಮಾಡಿ ಕಟ್ಟಿದವನಿಗೂ ಸಿಕ್ಕ ದರಗಳಲ್ಲಿ ಅಜಗಜಾಂತರ.

ಆಸ್ಟ್ರೇಲಿಯಾದ ಕಾನೂನು ಈ ಎರಡು ಬಗೆಯ ಬಾಜಿಯನ್ನು ಬೇರೆಬೇರೆಯಾಗಿಯೇ ಕಾಣುತ್ತದೆ: 2001ರ ಕಾಯ್ದೆಯ ಪ್ರಕಾರ ಅಲ್ಲಿ ಪಂದ್ಯಕ್ಕೆ ಮುನ್ನ ಆನ್‌ಲೈನ್ ಬಾಜಿಗೆ ಅವಕಾಶವಿದೆ, ಪಂದ್ಯದ ನಡುವೆ ಆನ್‌ಲೈನ್ ಸಲ್ಲದು, ಫೋನ್ ಮಾಡಿ ಕಟ್ಟಬಹುದು. ಭಾರತದ 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಅಂಥ ಭೇದವನ್ನೇ ಮಾಡದೆ, ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ಒಟ್ಟಾಗಿ ನಿಷೇಧಿಸಿದೆ.