ಕಪ್ಪಾದ ಮಲ: ಒಡಲೊಳಗಣ ರಕ್ತಸ್ರಾವದ ಸೂಚನೆ

ಬೆರಳು ಕೊಯ್ದು ನಾಲ್ಕು ಹನಿ ನೆತ್ತರು ಬಿದ್ದರೆ ಮನೆಮಂದಿಯೆಲ್ಲ ಓಡಿಬರುತ್ತಾರೆ. ಜಠರದೊಳಗೆ ಅರ್ಧ ಲೋಟ ನೆತ್ತರು ಸೋರಿದರೆ ಓಡಿಬರುವವರು ಯಾರೂ ಇಲ್ಲ. ಏಕೆಂದರೆ ಆ ನೆತ್ತರು ಹೊರಬೀಳುವ ವೇಳೆಗೆ ಕೆಂಪಾಗಿ ಉಳಿದಿರುವುದಿಲ್ಲ. ಜಠರದ ಆಮ್ಲವೂ ಕರುಳಿನ ಸೂಕ್ಷ್ಮಾಣುಗಳೂ ಅದನ್ನು ಮಾರ್ಪಡಿಸಿ, ಡಾಂಬರಿನಂತೆ ಕಪ್ಪಾಗಿ, ಜಿಗುಟಾಗಿ, ವಿಚಿತ್ರವಾದ ದುರ್ವಾಸನೆಯುಳ್ಳದ್ದಾಗಿ ಮಾಡಿರುತ್ತವೆ. 50ರಿಂದ 100 ಮಿಲಿಲೀಟರಿನಷ್ಟು ಸೋರಿದರೂ ಮಲಕ್ಕೆ ಈ ರೂಪ ಬರುವುದುಂಟು. ನೋವು ಇರಲೇಬೇಕೆಂಬ ನಿಯಮವೂ ಇಲ್ಲ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆಯ ಮನೆಗಳಲ್ಲಿ ಹೊಟ್ಟೆಯ ತೊಂದರೆಗೆಲ್ಲ ‘ಉಷ್ಣ’ವೆಂಬ ಒಂದು ಹೆಸರು ಸಿದ್ಧವಾಗಿರುತ್ತದೆ. ಎಳನೀರು, ಮಜ್ಜಿಗೆ, ಪುನರ್ಪುಳಿಯ ಪಾನಕ ಇವುಗಳಲ್ಲಿ ಎರಡು ದಿನ ಕಳೆದುಹೋಗುತ್ತದೆ. ವಯಸ್ಸಾದವರಿಗೆ ಮಕ್ಕಳೊಡನೆ, ಅದರಲ್ಲಿಯೂ ಸೊಸೆಯೊಡನೆ, ಇಂತಹ ವಿಷಯ ಹೇಳಲು ಸಂಕೋಚ. ಈ ಸಂಕೋಚಕ್ಕೆ ತೆರಬೇಕಾದ ಬೆಲೆ ಕೆಲವೊಮ್ಮೆ ಪ್ರಾಣವೇ ಆಗಿರುತ್ತದೆ.

ಅಡಕೆತೋಟದಲ್ಲಿ ದುಡಿದು ಸವೆದ ಮೊಣಕಾಲು, ಬೀಡಿ ಕಟ್ಟುತ್ತ ಕುಳಿತು ಸೆಟೆದ ಬೆನ್ನು ಇವೆರಡೂ ಈ ಸೀಮೆಗೆ ಹೊಸತಲ್ಲ. ಅವಕ್ಕೆಂದು ಅಂಗಡಿಯಿಂದ ತಂದು ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆಗಳು ಜಠರದ ಒಳಪದರಿನ ರಕ್ಷಣೆಯನ್ನು ಕುಂದಿಸಿ ಹುಣ್ಣಿಗೆ ದಾರಿ ಮಾಡುತ್ತವೆ. ಹೃದ್ರೋಗಿಗಳು ಸೇವಿಸುವ ಆಸ್ಪಿರಿನ್ನಿಗೂ ಈ ದೋಷವುಂಟು. ಆದರೆ ಅದನ್ನು ವೈದ್ಯರನ್ನು ಕೇಳದೆ ನಿಲ್ಲಿಸತಕ್ಕದ್ದಲ್ಲ. ಹುಣ್ಣಿಗೆ ಇನ್ನೊಂದು ಪ್ರಬಲ ಕಾರಣ ಹೆಲಿಕೊಬ್ಯಾಕ್ಟರ್ ಪೈಲೋರಿ ಎಂಬ ಸೂಕ್ಷ್ಮಾಣು. ಇದನ್ನು ಸಹೋದ್ಯೋಗಿಗಳು ನಂಬದೆ ಇದ್ದಾಗ ಆಸ್ಟ್ರೇಲಿಯದ ಬ್ಯಾರಿ ಮಾರ್ಷಲ್ 1984ರಲ್ಲಿ ಆ ಸೂಕ್ಷ್ಮಾಣುಗಳನ್ನು ತಾನೇ ಕುಡಿದು ಜಠರದ ಉರಿಯೂತಕ್ಕೆ ಈಡಾದನು! 2005ರಲ್ಲಿ ಅವನಿಗೂ ರಾಬಿನ್ ವಾರೆನ್ನನಿಗೂ ನೊಬೆಲ್ ಪಾರಿತೋಷಕ ದೊರೆಯಿತು. ಮದ್ಯದಿಂದ ಯಕೃತ್ತು ಕೆಟ್ಟವರಲ್ಲಿ ಅನ್ನನಾಳದ ಉಬ್ಬಿದ ರಕ್ತನಾಳಗಳು ಒಡೆಯುವುದುಂಟು. ಜಠರದ ಅರ್ಬುದವೂ ಮೊದಲು ಹೀಗೆಯೇ ಕಾಣಿಸಿಕೊಳ್ಳಬಹುದು.

ಜ್ವರದೊಡನೆ ಮಲ ಕಪ್ಪಾದರೆ ಸಂಗತಿ ಬೇರೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಮಂಗನ ಕಾಯಿಲೆಯು 1982–83ರಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಭೀಕರವಾಗಿ ಹಬ್ಬಿತು. ಕಾಡಿನ ಉಣ್ಣಿಗಳಿಂದ ಹರಡುವ ಆ ಜ್ವರದಲ್ಲಿ ಮೂಗು, ವಸಡುಗಳಿಂದಲೂ ಕರುಳಿನಿಂದಲೂ ನೆತ್ತರು ಒಸರುವುದುಂಟು. ಮಳೆಗಾಲದ ಡೆಂಗಿಯಲ್ಲಿಯೂ ಕಪ್ಪು ಮಲ ಅಪಾಯದ ಲಕ್ಷಣವೇ. ಆ ಜ್ವರಕ್ಕೆ ಆಸ್ಪಿರಿನ್, ಐಬುಪ್ರೊಫೆನ್ ಕೊಡುವುದು ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ.

ಕಪ್ಪೆಲ್ಲ ನೆತ್ತರಲ್ಲ, ನಿಜ. ಬಸುರಿಯರಿಗೆ ಕೊಡುವ ಕಬ್ಬಿಣಾಂಶದ ಮಾತ್ರೆಯಿಂದಲೂ ಬಣ್ಣ ಕಪ್ಪಾಗುತ್ತದೆ. ಆದರೆ ಡಾಂಬರಿನ ಆ ಜಿಗುಟೂ ಆ ವಾಸನೆಯೂ ಅಲ್ಲಿ ಇರುವುದಿಲ್ಲ. ಸಂಶಯ ಉಳಿದರೆ ನಿರ್ಣಯ ವೈದ್ಯರದೇ.

ವೈದ್ಯರು ಮಾಡುವುದೇನು? ನಾಡಿ, ರಕ್ತದೊತ್ತಡ ನೋಡಿ, ಕೈಗವಸು ತೊಟ್ಟು ಗುದದ್ವಾರವನ್ನು ಪರೀಕ್ಷಿಸಿ, ಹಿಮೋಗ್ಲೋಬಿನ್ನಿಗೂ ರಕ್ತದ ಗುಂಪಿಗೂ ನೆತ್ತರು ತೆಗೆಯುತ್ತಾರೆ. ಮೊದಲ ಕೆಲವು ಗಂಟೆಗಳಲ್ಲಿ ಹಿಮೋಗ್ಲೋಬಿನ್ ಸರಿಯಾಗಿಯೇ ಕಾಣಬಹುದಾದ್ದರಿಂದ ಆ ಒಂದು ಅಂಕೆಯನ್ನು ನೆಚ್ಚಿ ಮನೆಗೆ ಮರಳಬಾರದು. ಮುಖ್ಯವಾದುದು ಎಂಡೋಸ್ಕೊಪಿ: ಬಾಯಿಯ ಮೂಲಕ ಬಾಗುವ ನಳಿಗೆಯನ್ನಿಳಿಸಿ ಒಳಗನ್ನು ನೋಡುವುದು. ಸಾಮಾನ್ಯವಾಗಿ 24 ಗಂಟೆಗಳೊಳಗೆ ಇದು ನಡೆಯಬೇಕು. ಸೋರುವ ಜಾಗ ಕಂಡರೆ ಅಲ್ಲಿಯೇ ಚುಚ್ಚುಮದ್ದು ಕೊಟ್ಟೋ ಕ್ಲಿಪ್ಪು ಹಾಕಿಯೋ ನಿಲ್ಲಿಸಬಹುದು. ಹೊಟ್ಟೆ ಕೊಯ್ಯಬೇಕಾಗಿ ಬರುವುದು ಅಪರೂಪ.

ಈ ಸೌಕರ್ಯ ಎಲ್ಲ ಸಣ್ಣ ಆಸ್ಪತ್ರೆಗಳಲ್ಲಿ ಇರುವುದಿಲ್ಲ. ಆದರೂ ಎದ್ದು ನಿಂತರೆ ತಲೆ ಸುತ್ತುವವನನ್ನು, ತಣ್ಣನೆ ಬೆವರುವವನನ್ನು, ಕಾಫಿ ಚರಟದಂತೆ ವಾಂತಿ ಮಾಡಿಕೊಂಡವನನ್ನು ಬಸ್ಸಿನಲ್ಲಿ ಕೂರಿಸಿ ನೇರವಾಗಿ ಮಂಗಳೂರಿಗೆ ಒಯ್ಯುವುದು ಸಲ್ಲದು. 108ಕ್ಕೆ ಕರೆ ಮಾಡಿ ಹತ್ತಿರದ ಆಸ್ಪತ್ರೆಗೆ ಸೇರಿಸಿದರೆ ಅಲ್ಲಿ ನಾಳಕ್ಕೆ ದ್ರವ ಏರಿಸಿ, ಅಗತ್ಯವಿದ್ದರೆ 1848ರಿಂದ ನಡೆದುಬಂದ ವೆನ್‌ಲಾಕ್‌ನಂತಹ ದೊಡ್ಡ ಆಸ್ಪತ್ರೆಗೆ ಕಳುಹಿಸಿಕೊಡುತ್ತಾರೆ. ಹೊರಡುವಾಗ ಊಟ ಕೊಡಬಾರದು. ರೋಗಿ ನುಂಗುತ್ತಿದ್ದ ಮಾತ್ರೆಗಳ ಹಾಳೆಗಳನ್ನೆಲ್ಲ, ನೋವಿನವನ್ನೂ ಬಿಡದೆ, ಚೀಲಕ್ಕೆ ಹಾಕಿಕೊಳ್ಳಬೇಕು. ವೈದ್ಯರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಅದೂ ಒಂದು.