ಚಿತ್ರದ ಸುತ್ತಣ ತೆರಪು

ಮಡಿಕೇರಿಯ ಗದ್ದಿಗೆಯಲ್ಲಿರುವ ದೊಡ್ಡವೀರರಾಜೇಂದ್ರ ಹಾಗೂ ಆತನ ತಮ್ಮ ಲಿಂಗರಾಜೇಂದ್ರರ ಸಮಾಧಿಮಂದಿರಗಳು ಗುಮ್ಮಟ, ಮಿನಾರುಗಳಿಂದ ಬಹುಮಟ್ಟಿಗೆ ಒಂದನ್ನೊಂದು ಹೋಲುತ್ತವೆ. ಸ್ಮರಣಸಂಚಿಕೆಯ ಒಂದೇ ಪುಟದಲ್ಲಿ ಇವುಗಳ ಚಿತ್ರಗಳನ್ನು ಮೇಲೆ ಕೆಳಗೆ ಇರಿಸಿದಾಗ, ಅಡಿಬರಹವು ಎರಡಕ್ಕೂ ಸಮದೂರದಲ್ಲಿ ನಿಂತರೆ ಅಣ್ಣನ ಗದ್ದಿಗೆಯು ತಮ್ಮನದಾಗಿ ತೋರುವುದು. ತೆರಪು ಕೆಟ್ಟರೆ ಅಂದದೊಡನೆ ಅರ್ಥವೂ ಕೆಡುತ್ತದೆ.

ತೆರಪು ಏರುಪೇರಾಗಲು ಕಾರಣಗಳು ಮೂರು. ಪ್ರತಿ ಚಿತ್ರಕ್ಕೂ ಕಣ್ಣಳತೆಯಿಂದಲೇ ಜಾಗ ಬಿಡುವುದು ಮೊದಲನೆಯದು. ಛಾಯಾಚಿತ್ರದ ಬಿಳಿ ಅಂಚು ಚೌಕಟ್ಟಿನೊಳಗೆ ಉಳಿಯುವುದು ಎರಡನೆಯದು. ಮೂರನೆಯದು ನಮ್ಮ ಲಿಪಿಯ ಸ್ವಭಾವಕ್ಕೆ ಸೇರಿದುದು: ಒತ್ತಕ್ಷರಗಳು ಸಾಲಿನಿಂದ ಕೆಳಗಿಳಿಯುವುದರಿಂದ, ಅವುಗಳುಳ್ಳ ಸಾಲು ಕೆಳಗಿನ ಚಿತ್ರಕ್ಕೆ ತಾಗಿದಂತೆ ಕಾಣುತ್ತದೆ.

ಇನ್‌ಡಿಸೈನ್ ತಂತ್ರಾಂಶದಲ್ಲಿ ಇದಕ್ಕೆ ಪರಿಹಾರವುಂಟು. ಮೊದಲು ಬಿಳಿ ಅಂಚು ಮರೆಯಾಗುವಂತೆ ಚೌಕಟ್ಟನ್ನು ಕಿರಿದುಗೊಳಿಸಬೇಕು. ಅನಂತರ, ಅಕ್ಷರಗಳನ್ನು ಚಿತ್ರದಿಂದ ದೂರವಿರಿಸುವ ‘ಟೆಕ್ಸ್ಟ್ ರ‍್ಯಾಪ್’ ಅಳತೆಯನ್ನು ಒತ್ತುಗಳಿಗಾಗಿ ಮೇಲ್ಬದಿಗೆ ತುಸು ಹೆಚ್ಚಿಸಿ, ‘ಆಬ್ಜೆಕ್ಟ್ ಸ್ಟೈಲ್’ ಒಂದರಲ್ಲಿ ದಾಖಲಿಸಿ, ಎಲ್ಲ ಚಿತ್ರಗಳಿಗೂ ಅನ್ವಯಿಸಬೇಕು. ಅಲ್ಲಿ ಒಮ್ಮೆ ತಿದ್ದಿದರೆ ಎಲ್ಲೆಡೆಯೂ ತಿದ್ದಿದಂತಾಗುವುದು. ಈ ಅಳತೆಯು ಅಡಿಬರಹವನ್ನೂ ದೂರ ತಳ್ಳುವುದುಂಟು. ಅದರ ಚೌಕಟ್ಟಿಗೆ ‘ಇಗ್ನೋರ್ ಟೆಕ್ಸ್ಟ್ ರ‍್ಯಾಪ್’ ಆಯ್ದರೆ ಅದು ಸ್ವಸ್ಥಾನದಲ್ಲಿ ನಿಲ್ಲುತ್ತದೆ. ಅಡಿಬರಹವು ತನ್ನ ಚಿತ್ರದಿಂದ 2 ಮಿಲಿಮೀಟರಿನಷ್ಟೂ ಮುಂದಿನ ಚಿತ್ರದಿಂದ 6 ಮಿಲಿಮೀಟರಿನಷ್ಟೂ ದೂರವಿದ್ದರೆ, ಯಾವ ಗದ್ದಿಗೆ ಯಾರದೆಂಬ ಸಂದೇಹಕ್ಕೆ ಎಡೆಯಿರದು.